ಕೌಂಟರಿನ ಅಕ್ಕ

"ಅಕ್ಕಾ, ಒಬ್ಬರಿಗೆ ಒಂದು ಕೆಟ್ಟ ಸುದ್ದಿ ಹೇಳಬೇಕಿತ್ತು," ಎಂದ ಲಾಂಡ್ರಿಯ ಮಾಲೀಕ, ಕೈಗೆ ಸಿಕ್ಕ ಹ್ಯಾಂಗರನ್ನು ಸುಮ್ಮನೆ ತಿರುಗಿಸುತ್ತ.

ಶರ್ಟಿಗೆ ನಂಬರಿನ ಚೀಟಿ ಚುಚ್ಚುತ್ತಿದ್ದ ಕೌಂಟರಿನ ಅಕ್ಕ ತಲೆ ಎತ್ತಲಿಲ್ಲ. "ಯಾರ ಕೋಟು ಸುಟ್ಟೆಯಪ್ಪ?"

ಅವನಪ್ಪನ ಕಾಲದಿಂದಲೂ ಅಂಗಡಿಯ ಪದ್ಧತಿಯೇ ಹಾಗೆ. ಕಲೆ ಹೋಗಲಿಲ್ಲ, ಬಣ್ಣ ಬಿಟ್ಟಿತು, ದೊಡ್ಡವರ ಸ್ವೆಟರ್ ಕುಗ್ಗಿ ಕೂಸಿನದಾಯಿತು ಎಂದರೆ ಮಾಲೀಕರಾದವರು ಹಿಂದಿನ ಬಾಯ್ಲರ್ ಕೋಣೆ ಸೇರಿಕೊಳ್ಳುವುದು, ಅಕ್ಕ ಗಿರಾಕಿಗೆ ಹೇಳುವುದು. ಬೆಂಕಿಯಾಗಿ ಬಂದವರೂ ಅವಳ ಮಾತು ಕೇಳಿ ತಣ್ಣಗಾಗಿ ಹೋಗುತ್ತಿದ್ದರು. ಇವನಿಗೋ, ಅಂಥ ಮಾತಿಗೆ ನಾಲಿಗೆಯೇ ಹೊರಳದು.

ಖರ್ಚು ಇಳಿಸಲು ಏನೇನೋ ಮಾಡಿ ನೋಡಿದ್ದ. ಬೋರ್ಡಿನ ದೀಪ ಆರಿಸಿದ, ಬಟ್ಟೆ ತಲುಪಿಸುವ ಗಾಡಿ ಮಾರಿದ, ಹಿತ್ತಲಿನ ಗೋದಾಮು ಬಿಟ್ಟುಕೊಟ್ಟ. ಎಲ್ಲ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. "ಒಗೆಯೋ ಕೈ ಬೇಕು, ಇಸ್ತ್ರಿ ಹಾಕೋ ಕೈ ಬೇಕು. ಕೌಂಟರಿನಲ್ಲಿ ನೀನೇ ಕೂತರೆ ಏನು ಗಂಟು ಹೋಗುತ್ತೆ?" ಎಂದು ಅಂಗಡಿಯ ಲೆಕ್ಕ ನೋಡುವ ಅವನ ಭಾವಮೈದುನ ನಿನ್ನೆ ಖಡಾಖಂಡಿತವಾಗಿ ಹೇಳಿದ್ದ. ಲೆಕ್ಕ ಸರಿಯಾಗಿಯೇ ಇತ್ತು. ಅಕ್ಕನ ಗಂಡನಿಗೆ ಕಣ್ಣು ಹೋಗಿ ಬಹಳ ಕಾಲವಾಯಿತು, ಅವಳ ದುಡಿಮೆಯಲ್ಲೇ ಆ ಮನೆಯ ಒಲೆ ಉರಿಯುತ್ತದೆ ಎಂಬುದು ಮಾತ್ರ ಅದರಲ್ಲಿ ಇರಲಿಲ್ಲ.

"ಕೋಟಲ್ಲ ಅಕ್ಕ. ಒಬ್ಬರನ್ನ ಕೆಲಸದಿಂದ ಬಿಡಿಸಬೇಕು."

ಚುಚ್ಚುತ್ತಿದ್ದ ಪಿನ್ನು ಅರ್ಧಕ್ಕೇ ನಿಂತಿತು. "ಇಸ್ತ್ರಿಯವನನ್ನಾ? ಪಾಪ, ಮೊನ್ನೆ ಮೊನ್ನೆ ಮದುವೆಯಾದ. ಇರಲಿ, ನಾನೇ ಹೇಳ್ತೀನಿ ಬಿಡು. ನೀನು ಹೋದ್ರೆ ಊಟ ಆಯ್ತಾ ಅಂತ ಶುರು ಮಾಡಿ, ಅಲ್ಲೇ ನಿಂತುಬಿಡ್ತೀಯ."

"ನೀವು ಹೇಗೆ ಹೇಳ್ತೀರಿ?"

"ಸುತ್ತಿ ಬಳಸಬಾರದಪ್ಪ. ಮೊದಲೇ ಹೇಳಿಬಿಡಬೇಕು. ತಪ್ಪು ನಿಂದಲ್ಲ ಅನ್ನಬೇಕು. ಆಮೇಲೆ ಬಾಯಿ ಮುಚ್ಕೊಂಡು ಎದುರಿಗೇ ಇರಬೇಕು, ಬೈದ್ರೆ ಬೈಸ್ಕೋಬೇಕು. ಹೇಳಿ ಜಾಗ ಖಾಲಿ ಮಾಡೋದಿದೆಯಲ್ಲ, ಅದನ್ನ ಯಾರೂ ಮರೆಯಲ್ಲ."

ಮಾಲೀಕ ಹ್ಯಾಂಗರನ್ನು ಕೆಳಗಿಟ್ಟ.

"ನಿಮ್ಮನ್ನೇ ಅಕ್ಕ. ಮುಂದಿನ ತಿಂಗಳಿಂದ. ತಪ್ಪು ನಿಮ್ಮದಲ್ಲ."

ಒಳಗೆ ಇಸ್ತ್ರಿ ಪೆಟ್ಟಿಗೆ ಬುಸ್ಸೆಂದು ಹಬೆ ಬಿಟ್ಟು ಸುಮ್ಮನಾಯಿತು. ಅವನ ಕಾಲು ಬಾಯ್ಲರ್ ಕೋಣೆಯ ಕಡೆ ಎಳೆಯುತ್ತಿತ್ತು, ಆದರೂ ಕದಲಲಿಲ್ಲ. ಅಕ್ಕ ಬೈಯಲೂ ಇಲ್ಲ. ಪಿನ್ನು ಚುಚ್ಚಿ ಮುಗಿಸಿ, ಶರ್ಟನ್ನು ಮಡಚಿ, ಮಡಿಕೆ ಸರಿಹೋಗಲಿಲ್ಲವೆಂದು ಬಿಚ್ಚಿ ಮತ್ತೆ ಮಡಚಿದಳು.

"ಪರವಾಗಿಲ್ಲ, ಚೆನ್ನಾಗೇ ಹೇಳಿದೆ," ಎಂದಳು ಕೊನೆಗೆ. ದನಿ ಗಿರಾಕಿಗಳ ಜೊತೆ ಆಡುವ ದನಿಯೇ. "ಸಂಜೆ ನನ್ನ ಜೊತೆ ಮನೆ ತನಕ ಬಾ. ನಮ್ಮ ಯಜಮಾನ್ರಿಗೂ ನೀನೇ ಹೇಳು. ಅವರ ಎದುರಿಗೆ ನನಗೆ ಬಾಯಿ ಬರಲ್ಲ."