ಬಾಯಿಗೆ ಬೀಗದ ವಾರ

"ಸ್ಥಿರ ಬಡ್ಡಿ ತಗೊಳ್ಳಲಾ ಅಕ್ಕಾ, ಏರಿಳಿಯೋದು ತಗೊಳ್ಳಲಾ?" ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದಿದ್ದ ತಂಗಿ ಕೇಳಿದಳು. "ಬೇಕರಿಯ ಹೊಸ ಓವನ್‌ಗೆ ಸಾಲ. ಏರಿಳಿಯೋದು ಈಗ ಅಗ್ಗ."

ಅಕ್ಕ ಕೇಂದ್ರ ಬ್ಯಾಂಕಿನ ಬಡ್ಡಿ ದರ ಸಮಿತಿಯಲ್ಲಿದ್ದಳು. ಸಭೆಗೆ ಮುಂಚಿನ ವಾರ ಆ ವಿಷಯವಾಗಿ ಮನೆಯವರ ಹತ್ತಿರವೂ ತುಟಿ ಪಿಟಕ್ಕೆನ್ನುವಂತಿರಲಿಲ್ಲ. ಬೆಲೆಗಳು ಕೈಮೀರಿ ಎಲ್ಲರ ಮನೆಯ ದಿನಸಿಗೂ ಕುತ್ತು ಬಂದಿತ್ತು. ಅದನ್ನು ತಡೆಯಲು ಬಡ್ಡಿ ದರ ಏರಿಸಬೇಕೆಂದೇ ಅವಳು ನಾಳೆ ಮತ ಹಾಕಲಿದ್ದಳು. ಆಗ ಏರಿಳಿಯುವ ಸಾಲದ ಕಂತೂ ಏರುತ್ತದೆ. 'ಸ್ಥಿರ' ಎಂಬ ಒಂದೇ ಮಾತು ತಂಗಿಯನ್ನು ಉಳಿಸುತ್ತಿತ್ತು. ಉತ್ತರಿಸದೆ ತಡೆದು ನಿಂತರೂ ಅದೇ ಉತ್ತರವಾಗಿಬಿಡುತ್ತಿತ್ತು. ಅವಳು ಕೈ ನಿಲ್ಲಿಸದೆ ಬೆಡ್‌ಶೀಟಿನ ಅಂಚಿಗೆ ಅಂಚು ಕೂಡಿಸಿದಳು.

"ಬ್ಯಾಂಕಿನವರನ್ನೇ ಕೇಳು."

"ಓಹೋ, ಬಾಯಿಗೆ ಬೀಗ ಹಾಕೋ ವಾರವಾ? ನನ್ನ ಗುಟ್ಟನ್ನೆಲ್ಲ ಅಮ್ಮನ ಕಿವಿಗೆ ಊದ್ತಿದ್ದವಳು ನೀನೇನಾ?" ತಂಗಿ ನಕ್ಕಳು. "ಹೋಗಲಿ ಬಿಡು, ಅಗ್ಗದ್ದಕ್ಕೇ ಸಹಿ ಹಾಕ್ತೀನಿ. ಸಾಲದ ಪತ್ರ ಇಲ್ಲೇ ಇದೆ, ಪೆನ್ನು ಕೊಡು."

ತಂಗಿ ಎಡವುವ ಮೊದಲೇ ಕೈ ಹಿಡಿದು ಅಭ್ಯಾಸವಾದವಳು ಅಕ್ಕ. ಈಗ ಚೀಲದಿಂದ ಪೆನ್ನು ತೆಗೆದು, ಮುಚ್ಚಳವನ್ನೂ ತಾನೇ ಬಿಚ್ಚಿ ಕೊಟ್ಟಳು.