ಮಂಚದ ಅಂಚಿನ ಸಂದೇಶ

ಗೇಟಿನ ಚಿಲಕ ಸದ್ದು ಮಾಡಿತು. ಟಿಕ್‌ಟಿಕ್ ರಾಯರ ಎದೆ ಡವಡವ ಹೊಡೆದುಕೊಂಡಿತು. ಬಂದ, ಕೊನೆಗೂ ಬಂದ!

ಅವರ ಮೈಯಲ್ಲಿ ಈಗ ಹೇಳಿದ ಮಾತು ಕೇಳುವುದು ಒಂದೇ ಒಂದು ಬೆರಳು. ಮೂರು ತಿಂಗಳ ಹಿಂದೆ ಲಕ್ವ ಹೊಡೆದು ಮಾತು ಹೋಯಿತು, ಕೈಕಾಲು ಹೋಯಿತು. ಕಣ್ಣಿನ ರೆಪ್ಪೆ ಕೂಡ ಅದಕ್ಕೆ ಬೇಕಾದಾಗ ಮುಚ್ಚುತ್ತದೆ, ಬೇಕಾದಾಗ ತೆರೆಯುತ್ತದೆ. ಉಳಿದದ್ದು ಬಲಗೈಯ ತೋರುಬೆರಳು. ಐವತ್ತು ವರ್ಷ ತಂತಿ ಸಂಕೇತದ ಮೋರ್ಸ್ ಕೀಲಿ ಒತ್ತಿದ ಬೆರಳು ಅಷ್ಟು ಸುಲಭಕ್ಕೆ ಸೋಲುತ್ತದೆಯೇ? ಮಂಚದ ಮರದ ಅಂಚಿನ ಮೇಲೆ ಹಗಲೆಲ್ಲ ಅದರದ್ದೇ ಸದ್ದು. ಚುಕ್ಕೆಗೊಂದು ತಟ್ಟು, ಗೆರೆಗೊಂದು ಗೀರು.

ನಾನು ಇಲ್ಲೇ ಇದ್ದೇನೆ. ಬುದ್ಧಿ ನೆಟ್ಟಗಿದೆ. ಎಲ್ಲ ಕೇಳಿಸುತ್ತಿದೆ.

"ನರ ಎಳೆಯುತ್ತೆ, ಅಷ್ಟೆ. ಪ್ರಜ್ಞೆ ಇಲ್ಲ" ಎಂದು ಡಾಕ್ಟರು ಬರೆದುಕೊಟ್ಟಾಗಿತ್ತು. ನಾಳೆ ಬೆಳಿಗ್ಗೆ ವ್ಯಾನ್ ಬರುತ್ತದೆ. ಊರಾಚೆಯ ಆರೈಕೆ ಕೇಂದ್ರದಲ್ಲಿ, ಸಾಲು ಹಾಸಿಗೆಗಳ ನಡುವೆ, ಉಸಿರಿರುವ ತನಕ ಸೂರು ನೋಡುತ್ತ ಮಲಗಿರಬೇಕು. ಈ ಬೆರಳಿನ ಭಾಷೆ ಬಲ್ಲವನು ಊರಿನಲ್ಲಿ ಒಬ್ಬನೇ, ಗಡಿಯಾರ ರಿಪೇರಿಯ ಗೆಳೆಯ. ಇವತ್ತು ಅವನಿಗೆ ತಿಳಿಯದಿದ್ದರೆ ರಾಯರ ಕಥೆ ಮುಗಿದಂತೆಯೇ.

ಹೆಂಡತಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು? ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದು ರಾಯರು ಆಕೆಯ ಎದುರಿಗೇ ಎಷ್ಟೋ ಸಲ ಅಂದಿದ್ದರು. ಮದುವೆಯಾದ ಹೊಸದರಲ್ಲಿ ಅವರ ಮೋರ್ಸ್ ಕಲಿಕೆಯ ಪುಸ್ತಕ ಅಡುಗೆಮನೆಯಲ್ಲಿ ಸಿಕ್ಕಿತ್ತು, ಪುಟಪುಟಕ್ಕೂ ಹಿಟ್ಟಿನ ಬೆರಳಚ್ಚು. "ಪಾತ್ರೆ ಮುಚ್ಚೋಕೆ ನಿನಗೆ ಇದೇ ಬೇಕಿತ್ತಾ?" ಎಂದು ಕೂಗಾಡಿದ್ದರು. ಆಕೆ ಏನೋ ಹೇಳಲು ಹೋಗಿ, ಸುಮ್ಮನೆ ನಕ್ಕು ಒಳಗೆ ಹೋಗಿದ್ದಳು.

ಹದಿನಾರರಲ್ಲಿ ಹತ್ತಿದ ಹ್ಯಾಮ್ ರೇಡಿಯೋ ಹುಚ್ಚು ಅದು. ತಾರಸಿಯ ಮೇಲೊಂದು ತಂತಿ, ಮೇಜಿನ ಮೇಲೊಂದು ಹಿತ್ತಾಳೆಯ ಕೀಲಿ. ಕುಟ್ಟುತ್ತ ಕೂತರೆ ಏಳು ಸಮುದ್ರದಾಚೆಯಿಂದ ಯಾರೋ ಬ್ರೆಡ್ಡು ಸುಡುವವನು, ಯಾರೋ ದೀಪಸ್ತಂಭ ಕಾಯುವವನು ಉತ್ತರ ಕೊಡುತ್ತಾನೆ. ಮುಖ ಕಂಡಿಲ್ಲ, ದನಿ ಕೇಳಿಲ್ಲ. ಆದರೂ ಕೀಲಿ ಒತ್ತುವ ವರಸೆಯಲ್ಲೇ ಇಂಥವನೆಂದು ಗುರುತು ಹಿಡಿಯಬಹುದು. ಈ ರುಚಿ ಒಮ್ಮೆ ಹತ್ತಿದ ಮೇಲೆ ಬಿಡುವುದುಂಟೇ? ರಾಯರಿಗೆ ಲೋಕವೆಲ್ಲ ಬಂಧುಬಳಗ. ಪಕ್ಕದ ಕೋಣೆ ಮಾತ್ರ ಸ್ವಲ್ಪ ದೂರವಾಗಿತ್ತು.

ರೇಡಿಯೋ ಕೋಣೆಗೂ ಬಚ್ಚಲಿಗೂ ನಡುವೆ ಒಂದೇ ತೆಳು ಗೋಡೆ, ಕೀಲಿಯ ಸದ್ದು ಆಚೆಗೂ ಕೇಳಿಸುತ್ತಿತ್ತು. ಮೂವತ್ತೆಂಟು ವರ್ಷದ ಹಿಂದೆ, ಏಳು ತಿಂಗಳ ಬಸುರಿ ಹೆಂಡತಿ ಆ ಬಚ್ಚಲಿನಲ್ಲಿ ಜಾರಿ ಬಿದ್ದಳು. ಅಂದು ರೇಡಿಯೋದವರ ಸ್ಪರ್ಧೆಯ ದಿನ. ರಾಯರು ವರ್ಷಗಟ್ಟಲೆ ಹುಡುಕಿದ್ದ ಒಂದು ದ್ವೀಪದ ಸಂಪರ್ಕ ಆಗಷ್ಟೇ ಸಿಕ್ಕಿತ್ತು. ಅವರು ಎದ್ದು ಬರುವಷ್ಟರಲ್ಲಿ ಒಂದು ಗಂಟೆಯಾಗಿತ್ತು. ಮಗು ಉಳಿಯಲಿಲ್ಲ. ಮುಂದೆ ಇನ್ನೊಂದು ಆಗಲೂ ಇಲ್ಲ.

"ಕಿವಿಗೆ ಹೆಡ್‌ಫೋನ್ ಇತ್ತು ಕಣೇ. ಕೇಳಿಸಲೇ ಇಲ್ಲ."

"ಹೌದು. ಹೇಗೆ ಕೇಳಿಸುತ್ತೆ?" ಎಂದಿದ್ದಳು ಆಕೆ.

ಅಷ್ಟೇ. ಜಗಳವಿಲ್ಲ, ರಂಪವಿಲ್ಲ. ಅಂದಿನ ಸಂಪರ್ಕದ ಗುರುತಿಗೆಂದು ಆ ದ್ವೀಪದಿಂದ ಬಂದ ಕಾರ್ಡು ಇವತ್ತಿಗೂ ಗೋಡೆಯ ಮೇಲಿದೆ. ದಿನವೂ ಅದರ ಧೂಳು ಒರೆಸುವವಳು ಆಕೆಯೇ.

"ಬನ್ನಿ ಅಣ್ಣ" ಎಂದು ಹೆಂಡತಿ ಗೆಳೆಯನನ್ನು ಒಳಗೆ ಕರೆದಳು. ಅವನು ಹತ್ತಿರ ಬರುವ ಮೊದಲೇ ರಾಯರ ಬಲಗೈಯನ್ನು ಮೆಲ್ಲನೆ ಎತ್ತಿ, ದಿಂಬಿನ ಮೇಲಿಟ್ಟು, ಕಂಬಳಿ ಹೊದಿಸಿದಳು. "ಕೈ ತಣ್ಣಗಾಗಿಬಿಡುತ್ತೆ, ಪಾಪ."

ಅಯ್ಯೋ ಪುಣ್ಯಾತ್ಗಿತ್ತಿ, ತೆಗೆಯೇ ಅದನ್ನ! ರಾಯರು ಒಳಗೇ ಅರಚಿದರು. ಬೆರಳು ಹತ್ತಿಯನ್ನು ಕುಟ್ಟಿತು. ಸದ್ದೇ ಇಲ್ಲ.

ಗೆಳೆಯ ಕಣ್ಣೊರೆಸಿಕೊಂಡ. "ಇವನಿಗೆ ಏನಾದ್ರೂ ತಿಳಿಯುತ್ತಾ ಅತ್ತಿಗೆ?"

"ಡಾಕ್ಟರು ಹೇಳಿದ್ದಾರಲ್ಲ ಅಣ್ಣ. ಇವರು ಏನಾದ್ರೂ ಹೇಳ್ತಿದ್ರೆ ನನಗೆ ತಿಳೀದೆ ಇರುತ್ತಾ?"

"ಅಲ್ಲ, ಕಂಬಳಿ ಆಡ್ತಿದೆ ನೋಡಿ!" ಗೆಳೆಯ ಅರ್ಧ ಎದ್ದು ಕೈ ಚಾಚಿದ. ಬಾ, ಇನ್ನೊಂದು ಗೇಣು, ಬಾರೋ!

"ನರ ಎಳೆಯುತ್ತೆ." ಆಕೆ ಮೇಜಿನ ಮೇಲಿದ್ದ ರೇಡಿಯೋ ಪೆಟ್ಟಿಗೆಯನ್ನು ಎತ್ತಿ ತಂದು, ಚಾಚಿದ ಆ ಕೈಗಳಿಗೇ ಕೊಟ್ಟಳು. "ಹಿಡ್ಕೊಳ್ಳಿ, ಭಾರ ಇದೆ. ಇದು ನಿಮ್ಮ ಹತ್ರ ಇರಲಿ. ಇವರಿಗೆ ಇದಕ್ಕಿಂತ ಹೆಚ್ಚಿನದು ಯಾವುದೂ ಇರಲಿಲ್ಲ."

ಗೆಳೆಯನ ಎರಡೂ ಕೈ ತುಂಬಿದವು. ಪೆಟ್ಟಿಗೆಯನ್ನು ಕೂಸಿನಂತೆ ಎದೆಗವಚಿಕೊಂಡು, ಬಿಕ್ಕುತ್ತ ಮೆಟ್ಟಿಲಿಳಿದ. ಚಿಲಕ ಮತ್ತೆ ಸದ್ದು ಮಾಡಿತು.

ಹೆಂಡತಿ ಬಂದು ಮಂಚದ ಪಕ್ಕ ಕೂತಳು. ಕಂಬಳಿ ಸರಿಸಿ, ರಾಯರ ಕೈಯನ್ನು ಮೊದಲಿದ್ದಂತೆಯೇ ಮರದ ಅಂಚಿನ ಮೇಲಿಟ್ಟಳು. ಬೆರಳು ಹುಚ್ಚು ಹಿಡಿದಂತೆ ಬಡಿಯಿತು. ಅವನನ್ನು ಕರೆ. ಕಾಪಾಡು. ನನ್ನನ್ನು ಕಳಿಸಬೇಡ. ಆಕೆ ಕೊನೆಯ ತಟ್ಟಿನವರೆಗೂ ತಾಳ್ಮೆಯಿಂದ ಕೇಳಿಸಿಕೊಂಡಳು. ಆಮೇಲೆ ಔಷಧಿಯ ಚಮಚ ಎತ್ತಿಕೊಂಡು ಅದೇ ಮರದ ಮೇಲೆ ತಟ್ಟಿದಳು. ಒಂದು ತಟ್ಟು, ಒಂದು ಗೀರು. ಪುಸ್ತಕದಲ್ಲಿದ್ದ ಅಳತೆಗೆ ಕೂದಲೆಳೆಯಷ್ಟೂ ತಪ್ಪಲಿಲ್ಲ.

"ಯಾಕೆ ನಿಲ್ಲಿಸಿದೆ?" ಎಂದು ದ್ವೀಪದವನು ಅಂದು ಕೇಳಿದಾಗ ರಾಯರು ಕೀಲಿ ಒತ್ತಿ ಕೊಟ್ಟಿದ್ದ ಉತ್ತರವನ್ನು ಚಮಚ ಅಕ್ಷರ ಬಿಡದೆ ಒಪ್ಪಿಸಿತು: "ಏನಿಲ್ಲ, ಹೆಂಡತಿ ಕೂಗುತ್ತಿದ್ದಾಳೆ. ತಾನೇ ಸುಮ್ಮನಾಗುತ್ತಾಳೆ, ನೀನು ಮುಂದುವರಿಸು."