ಚೆಂಡುಹೂವಿನ ದಾರಿ

ಮೆಕ್ಸಿಕೋದ ಆ ಹಳ್ಳಿಯಲ್ಲಿ ಸತ್ತವರು ವರ್ಷಕ್ಕೊಮ್ಮೆ ಮನೆಗೆ ಬರುತ್ತಾರೆ. ಗೋರಿಯಿಂದ ಚೆಲ್ಲಿಕೊಂಡು ಬಂದ ಚೆಂಡುಹೂವಿನ ಎಸಳೇ ಅವರಿಗೆ ದಾರಿ. ಮಗ ಸತ್ತಾಗಿನಿಂದ ಮುದುಕಿ ಆ ದಾರಿಯನ್ನು ಸೊಸೆ ಎಲ್ವಿರಾಳ ಮಂಚದವರೆಗೂ ತರುತ್ತಿದ್ದಳು. ಈ ಸಲ ಅವಳಿಗೆ ಮಂಡಿನೋವು.

"ಹೂವು ನೀನೇ ಚೆಲ್ಲು. ಎಡೆ ಜೊತೆ ನನ್ನ ಮಗನ ಬೆಲ್ಟೂ ಇಡು. ಅದಂದ್ರೆ ಅವನಿಗೆ ಪ್ರಾಣ."

ಎಲ್ವಿರಾಳ ಬೆನ್ನು ಚುರುಗುಟ್ಟಿತು. "ಅತ್ತೆ, ಅವರು ಸತ್ತ ಮೇಲೂ ನನಗೆ ಬಿಡುಗಡೆ ಇಲ್ವಾ?"

"ಗಂಡಸು ಅಂದ್ಮೇಲೆ ಎರಡೇಟು ಹೊಡೀತಾನಮ್ಮ. ಅದನ್ನೇ ದೊಡ್ಡದು ಮಾಡ್ಬೇಡ."

ಎಲ್ವಿರಾ ಹೂವಿನ ಬುಟ್ಟಿ ಎತ್ತಿಕೊಂಡಳು.

ಸಂಜೆ ಮುದುಕಿ ಕುಂಟುತ್ತಾ ತನ್ನ ಕೋಣೆಗೆ ಹೋದರೆ, ಹೂವಿನ ದಾರಿ ಅವಳ ಮಂಚಕ್ಕೇ ಬಂದು ನಿಂತಿತ್ತು. ದಿಂಬಿನ ಮೇಲೆ ಬೆಲ್ಟ್ ಇತ್ತು.